ಲ್ಯಾಪ್‌ಟಾಪ್‌ಗೆ ಹೊರಗಿನಿಂದ ಗ್ರಾಫಿಕ್ಸ್ ಬಲ: ಕಾರ್ಡು ನೋಡುವ ಮುನ್ನ ಕೇಬಲ್ ನೋಡಿ

ಲ್ಯಾಪ್‌ಟಾಪ್ ಕೊಂಡು ಮೂರ್ನಾಲ್ಕು ವರ್ಷಗಳಾಗಿವೆ. ಕೀಲಿಮಣೆ ಸರಿಯಾಗಿದೆ, ಪರದೆಯಲ್ಲಿ ದೋಷವಿಲ್ಲ, ದಿನನಿತ್ಯದ ಕೆಲಸಕ್ಕೆ ಪ್ರೊಸೆಸರ್ ಸಹ ಸಾಲುತ್ತದೆ. ಆದರೆ ಹೊಸ ಆಟ ಓಡುವುದಿಲ್ಲ. ವಿಡಿಯೋ ಸಂಕಲನಕ್ಕೆ ಕುಳಿತರೆ ಯಂತ್ರ ಏದುಸಿರು ಬಿಡುತ್ತದೆ. ಮೂರು ಆಯಾಮದ ಒಂದು ದೃಶ್ಯ ಸಿದ್ಧವಾಗಲು ರಾತ್ರಿಯಿಡೀ ಕಾಯಬೇಕಾಗುತ್ತದೆ. ಕೊರತೆ ಇರುವುದು ಒಂದೇ ಕಡೆ, ಗ್ರಾಫಿಕ್ಸ್ ವಿಭಾಗದಲ್ಲಿ. ಮೇಜಿನ ಮೇಲಿನ ಗಣಕಯಂತ್ರವಾಗಿದ್ದರೆ ಹಳೆಯ ಕಾರ್ಡ್ ತೆಗೆದು ಹೊಸದನ್ನು ಕೂರಿಸಿದರೆ ಕೆಲಸ ಮುಗಿಯಿತು. ಲ್ಯಾಪ್‌ಟಾಪ್‌ನಲ್ಲಿ ಆ ಅವಕಾಶವೇ ಇಲ್ಲ.

ಈ ಕೊರತೆಗೆ ಮಾರುಕಟ್ಟೆ ಮುಂದಿಡುವ ಉತ್ತರವೇ ಹೊರಗಿನ ಗ್ರಾಫಿಕ್ಸ್ ಪೆಟ್ಟಿಗೆ. ಬಳಕೆದಾರರ ಭಾಷೆಯಲ್ಲಿ ‘ಇ-ಜಿಪಿಯು’. ಒಂದು ಕೇಬಲ್ ಜೋಡಿಸಿದರೆ ತೆಳ್ಳನೆಯ ಲ್ಯಾಪ್‌ಟಾಪ್ ಬಲಿಷ್ಠ ಯಂತ್ರವಾಗಿ ಮಾರ್ಪಡುತ್ತದೆ, ಕೇಬಲ್ ಕಿತ್ತರೆ ಮತ್ತೆ ಚೀಲದಲ್ಲಿ ಹಾಕಿಕೊಂಡು ಹೊರಡಬಹುದು ಎಂಬುದು ಇದರ ಆಕರ್ಷಣೆ. ಈ ಮಾತು ಸುಳ್ಳಲ್ಲ. ಆದರೆ ಹಲವು ಸಾವಿರ ರೂಪಾಯಿ ತೆತ್ತು ತಂದ ಮೇಲೆ ಅದು ಎಷ್ಟು ಫಲ ಕೊಡುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಪೆಟ್ಟಿಗೆಯೊಳಗಿನ ಕಾರ್ಡಿಗಿಂತ ಹೆಚ್ಚಾಗಿ ಪೆಟ್ಟಿಗೆಗೂ ಲ್ಯಾಪ್‌ಟಾಪ್‌ಗೂ ನಡುವಿನ ಆ ಒಂದು ಕೇಬಲ್. ಅದು ಎಷ್ಟು ಅಗಲದ ದಾರಿ, ಮತ್ತು ಆ ದಾರಿ ಯಾರ ಸ್ವತ್ತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದವರು ಮೋಸಹೋಗುವುದು ಕಡಿಮೆ.

ಏನಿದೆ ಪೆಟ್ಟಿಗೆಯಲ್ಲಿ?

ಗಣಕಯಂತ್ರದ ಲೆಕ್ಕಾಚಾರವನ್ನು ಮುಖ್ಯವಾಗಿ ಎರಡು ಘಟಕಗಳು ಹಂಚಿಕೊಂಡಿವೆ. ಸಿಪಿಯು ಎಂಬುದು ಬಗೆಬಗೆಯ ಕೆಲಸಗಳನ್ನು ಒಂದರ ನಂತರ ಒಂದರಂತೆ ಅತಿವೇಗವಾಗಿ ಮುಗಿಸುತ್ತದೆ. ಜಿಪಿಯು, ಅಂದರೆ ಗ್ರಾಫಿಕ್ಸ್ ಘಟಕವು, ಒಂದೇ ಬಗೆಯ ಸಣ್ಣ ಲೆಕ್ಕಗಳನ್ನು ಸಾವಿರಾರು ಸಂಖ್ಯೆಯಲ್ಲಿ ಏಕಕಾಲಕ್ಕೆ ಮಾಡುತ್ತದೆ. ಪರದೆಯ ಮೇಲಿನ ಲಕ್ಷಾಂತರ ಚುಕ್ಕೆಗಳಿಗೆ ಬಣ್ಣ ನಿರ್ಧರಿಸುವುದು ಇಂಥದೇ ಕೆಲಸ. ಕೃತಕ ಬುದ್ಧಿಮತ್ತೆಯ ಲೆಕ್ಕಗಳೂ ಇದೇ ಜಾತಿಯವು. ಹಾಗಾಗಿಯೇ ಆಟವಾಡುವವರ ವಸ್ತುವಾಗಿದ್ದ ಗ್ರಾಫಿಕ್ಸ್ ಕಾರ್ಡಿಗೆ ಇಂದು ವಿದ್ಯಾರ್ಥಿಗಳಿಂದ ಹಿಡಿದು ಸಂಶೋಧಕರವರೆಗೆ ಬೇಡಿಕೆ ಬಂದಿದೆ.

ಇ-ಜಿಪಿಯು ಪೆಟ್ಟಿಗೆಯ ಒಳರಚನೆ ಸರಳ. ಡೆಸ್ಕ್‌ಟಾಪ್‌ಗೆಂದು ಮಾರುವ ಗ್ರಾಫಿಕ್ಸ್ ಕಾರ್ಡನ್ನು ಕೂರಿಸಲು ಒಂದು ಗಾಡಿ, ಅದಕ್ಕೆ ವಿದ್ಯುತ್ ಒದಗಿಸುವ ಘಟಕ, ಗಾಳಿಗೆ ಫ್ಯಾನ್, ಕಾರ್ಡಿನ ಸಂಕೇತಗಳನ್ನು ಕೇಬಲ್‌ಗೆ ಒಗ್ಗಿಸುವ ಒಂದು ಸಣ್ಣ ನಿಯಂತ್ರಕ ಫಲಕ. ಇಷ್ಟೇ. ಕಾರ್ಡನ್ನು ಬೇರೆಯಾಗಿ ಕೊಂಡು ಹಾಕಬೇಕಾದ ಪೆಟ್ಟಿಗೆಗಳಿವೆ, ಕಾರ್ಡನ್ನು ಒಳಗೇ ಬೆಸುಗೆ ಹಾಕಿ ಮಾರುವ ಪೆಟ್ಟಿಗೆಗಳೂ ಇವೆ. ಎರಡನೆಯ ಬಗೆಯಲ್ಲಿ ಮುಂದೆ ಕಾರ್ಡ್ ಬದಲಿಸುವ ಅವಕಾಶವಿರುವುದಿಲ್ಲ.

ಲ್ಯಾಪ್‌ಟಾಪ್‌ಗೇಕೆ ಈ ಬಡತನ?

ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಘಟಕವು ಪ್ರೊಸೆಸರ್‌ನ ಒಳಗೇ ಅಡಕವಾಗಿರುತ್ತದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಯಂತ್ರದ ಸಾಮಾನ್ಯ ಮೆಮೊರಿಯನ್ನೇ ಹಂಚಿಕೊಳ್ಳಬೇಕು. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲೂ ಅದನ್ನು ಮುಖ್ಯ ಫಲಕಕ್ಕೆ ಬೆಸುಗೆ ಹಾಕಲಾಗಿರುತ್ತದೆ. ಬದಲಿಸಬಹುದಾದ ಎಂಎಕ್ಸ್‌ಎಂ ಎಂಬ ಕಾರ್ಡುಗಳು ಒಂದು ಕಾಲಕ್ಕೆ ದಪ್ಪ ಲ್ಯಾಪ್‌ಟಾಪ್‌ಗಳಲ್ಲಿ ಬರುತ್ತಿದ್ದವು. ಲ್ಯಾಪ್‌ಟಾಪ್ ತೆಳ್ಳಗಾದಂತೆ ಅವು ಸಾಮಾನ್ಯ ಬಳಕೆದಾರರ ಕೈಗೆ ಸಿಗದಂತಾದವು.

ಇನ್ನೊಂದು ಕಾರಣ ಶಾಖ. 2021ರಲ್ಲಿ ಬಂದ ಎನ್‌ವಿಡಿಯಾ ಜಿಫೋರ್ಸ್ ಆರ್‌ಟಿಎಕ್ಸ್ 3060 ಎಂಬ ಮಧ್ಯಮ ದರ್ಜೆಯ ಡೆಸ್ಕ್‌ಟಾಪ್ ಕಾರ್ಡ್ 170 ವಾಟ್ ವಿದ್ಯುತ್ ಬೇಡುತ್ತದೆ. ತೆಳ್ಳನೆಯ ಲ್ಯಾಪ್‌ಟಾಪ್‌ನೊಡನೆ ಬರುವ ಚಾರ್ಜರಿನ ಸಾಮರ್ಥ್ಯವೇ ಸಾಮಾನ್ಯವಾಗಿ 65 ವಾಟ್ ಆಸುಪಾಸು. ಅಷ್ಟು ಶಾಖವನ್ನು ಬೆರಳು ಗಾತ್ರದ ಫ್ಯಾನ್ ಹೊರದೂಡಲಾರದು. ಆದ್ದರಿಂದಲೇ ಲ್ಯಾಪ್‌ಟಾಪ್‌ಗೆ ಬರುವ ಚಿಪ್‌ಗಳು ಡೆಸ್ಕ್‌ಟಾಪ್ ಹೆಸರನ್ನೇ ಹೊತ್ತಿದ್ದರೂ ಬಲದಲ್ಲಿ ಕಡಿಮೆ ಇರುತ್ತವೆ. ಆರ್‌ಟಿಎಕ್ಸ್ 4090 ಎಂಬ ಹೆಸರಿನ ಡೆಸ್ಕ್‌ಟಾಪ್ ಕಾರ್ಡಿನಲ್ಲಿ 16,384 ಲೆಕ್ಕ ಘಟಕಗಳೂ 24 ಗಿಗಾಬೈಟ್ ಮೆಮೊರಿಯೂ ಇವೆ. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್‌ನಲ್ಲಿರುವುದು 9,728 ಘಟಕ ಮತ್ತು 16 ಗಿಗಾಬೈಟ್. ಹೆಸರು ಒಂದೇ, ಸರಕು ಬೇರೆ!

ಕಾರ್ಡನ್ನು ಹೊರಗಿಟ್ಟರೆ ಶಾಖ, ಜಾಗ, ವಿದ್ಯುತ್ ಈ ಮೂರೂ ತೊಡಕು ಒಮ್ಮೆಲೇ ಬಗೆಹರಿಯುತ್ತವೆ. ಆದರೆ ನಾಲ್ಕನೆಯ ತೊಡಕು ಹುಟ್ಟಿಕೊಳ್ಳುತ್ತದೆ.

ಹೆದ್ದಾರಿಯಿಂದ ಕಾಲುದಾರಿಗೆ

ಗಣಕಯಂತ್ರದೊಳಗೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಮಾತನಾಡಿಕೊಳ್ಳುವ ದಾರಿಗೆ ಪಿಸಿಐ ಎಕ್ಸ್‌ಪ್ರೆಸ್ ಎಂದು ಹೆಸರು. ಇದು ಪಥಗಳ ಲೆಕ್ಕದಲ್ಲಿದೆ. ಮೂರನೆಯ ತಲೆಮಾರಿನ ಒಂದು ಪಥದಲ್ಲಿ ಸೆಕೆಂಡಿಗೆ ಸುಮಾರು 985 ಮೆಗಾಬೈಟ್ ದತ್ತಾಂಶ ಒಂದು ದಿಕ್ಕಿನಲ್ಲಿ ಸಾಗಬಲ್ಲದು. ಡೆಸ್ಕ್‌ಟಾಪ್‌ನಲ್ಲಿ ಕಾರ್ಡಿಗೆ 16 ಪಥಗಳನ್ನು ಬಿಟ್ಟುಕೊಡಲಾಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 15.75 ಗಿಗಾಬೈಟ್. ನಾಲ್ಕನೆಯ ತಲೆಮಾರಿನಲ್ಲಿ ಇದು ಎರಡು ಪಟ್ಟು, ಐದನೆಯದರಲ್ಲಿ ನಾಲ್ಕು ಪಟ್ಟು.

ಈಗ ಇ-ಜಿಪಿಯುಗಳಲ್ಲಿ ಬಹುಕಾಲ ಬಳಕೆಯಲ್ಲಿರುವ ಥಂಡರ್‌ಬೋಲ್ಟ್ 3 ಕೇಬಲ್‌ನ ಲೆಕ್ಕ ನೋಡೋಣ. ಡಬ್ಬದ ಮೇಲೆ ಬರೆದಿರುವುದು ಸೆಕೆಂಡಿಗೆ 40 ಗಿಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಇದು 5 ಗಿಗಾಬೈಟ್. ಅದರಲ್ಲೂ ಪಿಸಿಐ ಎಕ್ಸ್‌ಪ್ರೆಸ್ ಸಂಚಾರಕ್ಕೆ ಸಿಗುವ ಗರಿಷ್ಠ ಪಾಲು 32 ಗಿಗಾಬಿಟ್. ವಾಸ್ತವದ ಬಳಕೆಯಲ್ಲಿ ಕಾರ್ಡಿಗೆ ದಕ್ಕುವುದು ಸುಮಾರು 22 ಗಿಗಾಬಿಟ್, ಅಂದರೆ ಸೆಕೆಂಡಿಗೆ 2.75 ಗಿಗಾಬೈಟ್. ಡೆಸ್ಕ್‌ಟಾಪ್‌ನ ಮೂರನೆಯ ತಲೆಮಾರಿನ ದಾರಿಗೆ ಹೋಲಿಸಿದರೂ ಇದು ಹೆಚ್ಚುಕಡಿಮೆ ಆರನೇ ಒಂದು ಭಾಗ.

ಹಾಗಿದ್ದರೆ ಕಾರ್ಡಿನ ಬಲವೂ ಆರನೇ ಒಂದು ಭಾಗಕ್ಕೆ ಇಳಿಯುತ್ತದೆಯೆ? ಇಲ್ಲ. ಕಾರ್ಡಿನ ಮೇಲೆಯೇ ಅದರ ಸ್ವಂತ ಮೆಮೊರಿ ಇದೆ. ಮೇಲೆ ಹೇಳಿದ ಆರ್‌ಟಿಎಕ್ಸ್ 3060 ತನ್ನ 12 ಗಿಗಾಬೈಟ್ ಮೆಮೊರಿಯೊಡನೆ ಸೆಕೆಂಡಿಗೆ 360 ಗಿಗಾಬೈಟ್ ವೇಗದಲ್ಲಿ ವ್ಯವಹರಿಸುತ್ತದೆ. ಕೇಬಲ್‌ನ ವೇಗಕ್ಕಿಂತ ಇದು ನೂರಕ್ಕೂ ಹೆಚ್ಚು ಪಟ್ಟು. ಬೇಕಾದ ಸಾಮಗ್ರಿ ಒಮ್ಮೆ ಆ ಮೆಮೊರಿಗೆ ಬಂದು ಸೇರಿದರೆ ಕೇಬಲ್ ಕಿರಿದಾಗಿದೆ ಎಂಬುದೇ ಕಾರ್ಡಿಗೆ ಗೊತ್ತಾಗುವುದಿಲ್ಲ.

ಸಕ್ಕರೆ ಕಾರ್ಖಾನೆಯ ಉದಾಹರಣೆ ಇಲ್ಲಿ ಹೊಂದುತ್ತದೆ. ಕಾರ್ಖಾನೆಗೆ ಹೋಗುವ ರಸ್ತೆ ಕಿರಿದು. ಆದರೆ ಆವರಣದಲ್ಲಿ ಕಬ್ಬು ರಾಶಿ ಬಿದ್ದಿದ್ದರೆ ಗಾಣ ರಾತ್ರಿಯಿಡೀ ತಿರುಗುತ್ತದೆ. ಪ್ರತಿ ಹೊರೆಗೂ ಗಾಡಿ ಬರುವುದನ್ನು ಕಾಯಬೇಕಾದರೆ ಎಷ್ಟೇ ದೊಡ್ಡ ಗಾಣವಾದರೂ ನಿಂತೇ ಇರಬೇಕಾಗುತ್ತದೆ. ಇ-ಜಿಪಿಯು ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಪ್ರಶ್ನೆಯ ತಿರುಳು ಇಷ್ಟೇ: ಮಾಡುವ ಕೆಲಸದಲ್ಲಿ ಕಬ್ಬು ಒಮ್ಮೆ ಬಂದು ಬೀಳುತ್ತದೆಯೋ, ಹೊರೆ ಹೊರೆಯಾಗಿ ಬರುತ್ತಲೇ ಇರಬೇಕೋ?

ಯಾರಿಗೆ ಲಾಭ?

ಮೊದಲ ಸ್ಥಾನ ಮೂರು ಆಯಾಮದ ಚಿತ್ರರಚನೆಗೆ. ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಒಂದು ದೃಶ್ಯವನ್ನು ರೂಪಿಸುವಾಗ ಅದರ ಆಕಾರ, ಬಣ್ಣ, ಬೆಳಕಿನ ಮಾಹಿತಿಯೆಲ್ಲ ಆರಂಭದಲ್ಲೇ ಕಾರ್ಡಿನ ಮೆಮೊರಿಗೆ ಹೋಗುತ್ತದೆ. ನಂತರ ನಿಮಿಷಗಟ್ಟಲೆ, ಕೆಲವೊಮ್ಮೆ ಗಂಟೆಗಟ್ಟಲೆ ಕಾರ್ಡ್ ತನ್ನಷ್ಟಕ್ಕೆ ತಾನು ದುಡಿಯುತ್ತದೆ. ಕೇಬಲ್ ಸುಮ್ಮನಿರುತ್ತದೆ. ಆನಿಮೇಷನ್ ಮತ್ತು ದೃಶ್ಯಪರಿಣಾಮ ಕ್ಷೇತ್ರಕ್ಕೆ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿ, 2024ರಿಂದ 2029ರ ಅವಧಿಗೆ ಅದನ್ನು ಹೊಸದಾಗಿ ಪ್ರಕಟಿಸಿದ ರಾಜ್ಯ ಕರ್ನಾಟಕ. ಈ ಕ್ಷೇತ್ರದಲ್ಲಿ ಮನೆಯಿಂದ ದುಡಿಯುವ ಕಲಾವಿದರಿಗೂ ಕಲಿಯುತ್ತಿರುವ ವಿದ್ಯಾರ್ಥಿಗಳಿಗೂ ಇ-ಜಿಪಿಯು ಪರಿಗಣಿಸಬಹುದಾದ ಆಯ್ಕೆ.

ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಸ್ವಂತ ಯಂತ್ರದಲ್ಲಿ ಓಡಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. 5 ಗಿಗಾಬೈಟ್ ಗಾತ್ರದ ಒಂದು ಭಾಷಾ ಮಾದರಿ ಕೇಬಲ್ ದಾಟಲು ಎರಡು ಸೆಕೆಂಡಿನಷ್ಟು ಸಮಯ ಸಾಕು. ಅಲ್ಲಿಂದ ಮುಂದೆ ಪ್ರಶ್ನೆ ಮತ್ತು ಉತ್ತರದ ಪದಗಳಷ್ಟೇ ಕೇಬಲ್‌ನಲ್ಲಿ ಓಡಾಡುತ್ತವೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಮಾದರಿಯ ಗಾತ್ರ ಕಾರ್ಡಿನ ಮೆಮೊರಿಯನ್ನು ಮೀರಿದರೆ ಉಳಿದ ಭಾಗ ಲ್ಯಾಪ್‌ಟಾಪ್‌ನ ಮೆಮೊರಿಯಲ್ಲಿ ಉಳಿಯುತ್ತದೆ, ಪ್ರತಿ ಪದಕ್ಕೂ ಕಿರುದಾರಿಯಲ್ಲಿ ಸಂಚಾರ ಶುರುವಾಗುತ್ತದೆ. ಈ ಕೆಲಸಕ್ಕೆ ಕಾರ್ಡ್ ಆರಿಸುವಾಗ ವೇಗಕ್ಕಿಂತ ಮೊದಲು ಮೆಮೊರಿಯ ಗಾತ್ರ ನೋಡುವುದು ಒಳಿತು.

ವಿಡಿಯೋ ಸಂಕಲನದ್ದು ನಡುವಣ ಸ್ಥಿತಿ. 4ಕೆ ವಿಡಿಯೋದ ಒಂದು ಚೌಕಟ್ಟಿನಲ್ಲಿ 3840 ಅಡ್ಡ ಮತ್ತು 2160 ಉದ್ದ ಚುಕ್ಕೆಗಳಿರುತ್ತವೆ. ಚುಕ್ಕೆಗೆ 4 ಬೈಟ್‌ನಂತೆ ಹಿಡಿದರೆ ಒಂದು ಚೌಕಟ್ಟು 33 ಮೆಗಾಬೈಟ್, ಸೆಕೆಂಡಿಗೆ 24 ಚೌಕಟ್ಟುಗಳಿಗೆ ಸುಮಾರು 800 ಮೆಗಾಬೈಟ್. ಬಿಡಿಸಿದ ಚೌಕಟ್ಟುಗಳೇ ಕೇಬಲ್‌ನಲ್ಲಿ ಹೋಗಿ ಬರುವುದಾದರೆ ದಾರಿಯ ಗಣನೀಯ ಭಾಗ ಅದಕ್ಕೇ ಮೀಸಲಾಗುತ್ತದೆ. ಕುಗ್ಗಿಸಿದ ಕಡತವನ್ನೇ ಕಾರ್ಡಿಗೆ ಕಳುಹಿಸಿ ಅಲ್ಲೇ ಬಿಡಿಸಿಕೊಳ್ಳುವಂತೆ ತಂತ್ರಾಂಶವನ್ನು ಹೊಂದಿಸಿಕೊಂಡರೆ ಭಾರ ಬಹಳ ಇಳಿಯುತ್ತದೆ.

ಆಟಗಳ ಮಾತೇ ಬೇರೆ. ಇಲ್ಲಿ ಪ್ರತಿ ಚೌಕಟ್ಟಿಗೂ ಪ್ರೊಸೆಸರ್‌ನಿಂದ ಕಾರ್ಡಿಗೆ ಹೊಸ ಆದೇಶಗಳು ಹೋಗಬೇಕು. ದೃಶ್ಯ ಬದಲಾದಂತೆ ಹೊಸ ಚಿತ್ರಸಾಮಗ್ರಿ ಸಾಗಬೇಕು. ಚೌಕಟ್ಟುಗಳ ಸಂಖ್ಯೆ ಹೆಚ್ಚಿದಷ್ಟೂ ಸಂಚಾರ ಹೆಚ್ಚು. ಆದ್ದರಿಂದ ಕಡಿಮೆ ಚುಕ್ಕೆಗಳ ಪರದೆಯಲ್ಲಿ ಅತಿವೇಗದ ಆಟವಾಡುವವರಿಗೆ ನಷ್ಟ ಎದ್ದು ಕಾಣುತ್ತದೆ. ಹೆಚ್ಚು ಚುಕ್ಕೆಗಳ ಪರದೆಯಲ್ಲಿ ನಿಧಾನಗತಿಯ ಆಟವಾಡುವವರಿಗೆ ಅಷ್ಟಾಗಿ ಕಾಣುವುದಿಲ್ಲ. ಕಾರ್ಡ್ ದುಬಾರಿಯಾದಷ್ಟೂ ವ್ಯರ್ಥವಾಗುವ ಬಲವೂ ಹೆಚ್ಚು. ಮಧ್ಯಮ ದರ್ಜೆಯ ಕಾರ್ಡ್ ಈ ಕೇಬಲ್‌ಗೆ ತಕ್ಕ ಜೋಡಿ ಎನ್ನಬಹುದು. ಲ್ಯಾಪ್‌ಟಾಪ್‌ನ ಪ್ರೊಸೆಸರ್ ಹಳೆಯದಾಗಿದ್ದರೆ ಆದೇಶ ಕೊಡುವವನೇ ನಿಧಾನವಾದಂತೆ, ಕಾರ್ಡ್ ಎಷ್ಟೇ ಚುರುಕಾದರೂ ಪ್ರಯೋಜನ ಕಡಿಮೆ.

ಯಾವ ಪರದೆಯಲ್ಲಿ ನೋಡುತ್ತೀರಿ?

ಹಲವರು ಗಮನಿಸದ ಸಂಗತಿಯೊಂದಿದೆ. ಕಾರ್ಡ್ ಸಿದ್ಧಪಡಿಸಿದ ಚಿತ್ರ ಯಾವ ಪರದೆಗೆ ಹೋಗಬೇಕು? ಪ್ರತ್ಯೇಕ ಮಾನಿಟರ್ ಇದ್ದು ಅದನ್ನು ನೇರವಾಗಿ ಪೆಟ್ಟಿಗೆಯ ಕಾರ್ಡಿಗೇ ಜೋಡಿಸಿದರೆ ಚಿತ್ರ ಅಲ್ಲಿಂದಲೇ ಹೊರಟುಹೋಗುತ್ತದೆ. ಲ್ಯಾಪ್‌ಟಾಪ್‌ನ ಸ್ವಂತ ಪರದೆಯಲ್ಲೇ ನೋಡಬೇಕೆಂದರೆ ಪ್ರತಿ ಚೌಕಟ್ಟೂ ಅದೇ ಕೇಬಲ್‌ನಲ್ಲಿ ಹಿಂತಿರುಗಬೇಕು. 1920 ಅಡ್ಡ, 1080 ಉದ್ದದ ಪರದೆಗೆ ಸೆಕೆಂಡಿಗೆ 60 ಚೌಕಟ್ಟಿನಂತೆ ಇದು ಸುಮಾರು 500 ಮೆಗಾಬೈಟ್. 144 ಚೌಕಟ್ಟಿಗೆ ಸುಮಾರು 1.2 ಗಿಗಾಬೈಟ್. ಮೊದಲೇ ಕಿರಿದಾದ ದಾರಿಯಲ್ಲಿ ಮರುಪ್ರಯಾಣದ ಹೊರೆಯೂ ಸೇರುತ್ತದೆ, ವಿಳಂಬವೂ ಹೆಚ್ಚುತ್ತದೆ. ಆಟವಾಡುವ ಉದ್ದೇಶವಿದ್ದರೆ ಪೆಟ್ಟಿಗೆ, ಕಾರ್ಡುಗಳ ಜತೆಗೆ ಮಾನಿಟರ್‌ನ ಖರ್ಚನ್ನೂ ಆರಂಭದಲ್ಲೇ ಲೆಕ್ಕಕ್ಕೆ ಹಿಡಿಯುವುದು ಸೂಕ್ತ.

ಹದಿನೆಂಟು ವರ್ಷಗಳ ಹಾದಿ

ಈ ಕಲ್ಪನೆ ಹೊಸದೇನಲ್ಲ. 2007ರ ಆರಂಭದಲ್ಲಿ ಏಸಸ್ ಕಂಪನಿಯು ‘ಎಕ್ಸ್‌ಜಿ ಸ್ಟೇಷನ್’ ಎಂಬ ಪೆಟ್ಟಿಗೆಯನ್ನು ಪ್ರಕಟಿಸಿತ್ತು. ಅದು ಲ್ಯಾಪ್‌ಟಾಪ್‌ನ ಎಕ್ಸ್‌ಪ್ರೆಸ್‌ಕಾರ್ಡ್ ಕಿಂಡಿಗೆ ಜೋಡಣೆಯಾಗುತ್ತಿತ್ತು. ಆ ಕಿಂಡಿಯಲ್ಲಿದ್ದುದು ಒಂದೇ ಪಥ, ವೇಗ ಸೆಕೆಂಡಿಗೆ 250 ಮೆಗಾಬೈಟ್. 2008ರಲ್ಲಿ ಎಎಂಡಿ ಕಂಪನಿ ‘ಎಕ್ಸ್‌ಜಿಪಿ’ ಎಂಬ ತನ್ನದೇ ಆದ ಅಗಲ ಕಿಂಡಿಯನ್ನು ತಂದಿತು. ಫ್ಯುಜಿತ್ಸು ಸೀಮೆನ್ಸ್‌ನ ಅಮಿಲೋ ಲ್ಯಾಪ್‌ಟಾಪ್‌ನಲ್ಲಿ ಅದು ಕಾಣಿಸಿಕೊಂಡಿತಾದರೂ ಬಹಳ ದೂರ ಸಾಗಲಿಲ್ಲ. 2011ರಲ್ಲಿ ಸೋನಿ ತನ್ನ ವಾಯೋ ಝಡ್ ಲ್ಯಾಪ್‌ಟಾಪ್‌ಗೆ ಗ್ರಾಫಿಕ್ಸ್ ಚಿಪ್ ಅಡಗಿದ್ದ ಹೊರಪೆಟ್ಟಿಗೆಯನ್ನು ಕೊಟ್ಟಿತು. 2014ರಲ್ಲಿ ಡೆಲ್‌ನ ಎಲಿಯನ್‌ವೇರ್ ವಿಭಾಗ ‘ಗ್ರಾಫಿಕ್ಸ್ ಆಂಪ್ಲಿಫೈಯರ್’ ತಂದಿತು. ಅದರಲ್ಲಿ 460 ವಾಟ್‌ನ ವಿದ್ಯುತ್ ಘಟಕವಿತ್ತು, ಯಾವುದೇ ಸಾಮಾನ್ಯ ಕಾರ್ಡನ್ನು ಹಾಕಬಹುದಾಗಿತ್ತು. ಆದರೆ ಕಿಂಡಿ ಮಾತ್ರ ಎಲಿಯನ್‌ವೇರ್‌ನದೇ. ಮುಂದಿನ ವರ್ಷಗಳಲ್ಲಿ ಕಂಪನಿ ತನ್ನ ಲ್ಯಾಪ್‌ಟಾಪ್‌ಗಳಿಂದ ಆ ಕಿಂಡಿಯನ್ನೇ ಕೈಬಿಟ್ಟಿತು. ಲ್ಯಾಪ್‌ಟಾಪ್ ಬದಲಿಸಿದವರಿಗೆ ಸುಸ್ಥಿತಿಯ ಪೆಟ್ಟಿಗೆ ನಿರುಪಯುಕ್ತ ವಸ್ತುವಾಯಿತು.

ಸ್ವಂತ ಕಿಂಡಿಗಳ ಈ ಕಾಲಕ್ಕೆ ತಿರುವು ಕೊಟ್ಟಿದ್ದು ಇಂಟೆಲ್‌ನ ಥಂಡರ್‌ಬೋಲ್ಟ್. 2011ರಲ್ಲಿ ಆಪಲ್‌ನ ಮ್ಯಾಕ್‌ಬುಕ್ ಪ್ರೊ ಮೂಲಕ ಬಂದಾಗ ಅದರ ವೇಗ 10 ಗಿಗಾಬಿಟ್. 2013ರಲ್ಲಿ ಎರಡನೆಯ ಆವೃತ್ತಿ 20 ಗಿಗಾಬಿಟ್‌ಗೆ ಏರಿತು. 2015ರ ಮೂರನೆಯ ಆವೃತ್ತಿ 40 ಗಿಗಾಬಿಟ್ ಮುಟ್ಟಿದ್ದಲ್ಲದೆ ಯುಎಸ್‌ಬಿ-ಸಿ ಎಂಬ ಸಾಮಾನ್ಯ ಕಿಂಡಿಯನ್ನೇ ಬಳಸಿಕೊಂಡಿತು. ಮರುವರ್ಷ, 2016ರಲ್ಲಿ, ರೇಜರ್ ಕಂಪನಿಯ ‘ಕೋರ್’ ಪೆಟ್ಟಿಗೆ 499 ಡಾಲರ್ ಬೆಲೆಗೆ ಬಂತು. ಒಂದು ಕಂಪನಿಯ ಪೆಟ್ಟಿಗೆ ಮತ್ತೊಂದು ಕಂಪನಿಯ ಲ್ಯಾಪ್‌ಟಾಪ್‌ಗೆ ಹೊಂದಿಕೊಳ್ಳುವ ಸಾಧ್ಯತೆ ಸಾಮಾನ್ಯ ಬಳಕೆದಾರರಿಗೆ ತೆರೆದದ್ದು ಆಗ.

ಆಪಲ್ ಕಲಿಸಿದ ಪಾಠ

ದಾರಿ ಯಾರ ಸ್ವತ್ತು ಎಂಬ ಪ್ರಶ್ನೆ ಏಕೆ ಮುಖ್ಯ ಎಂಬುದಕ್ಕೆ ಆಪಲ್‌ನ ಪ್ರಕರಣವೇ ಸಾಕ್ಷಿ. 2017ರ ಜೂನ್‌ನಲ್ಲಿ ಆಪಲ್ ತನ್ನ ತಂತ್ರಾಂಶ ರಚನಕಾರರ ಸಮ್ಮೇಳನದಲ್ಲಿ ಇ-ಜಿಪಿಯು ಬೆಂಬಲವನ್ನು ಘೋಷಿಸಿತು. 2018ರ ಮಾರ್ಚ್‌ನಲ್ಲಿ ಬಂದ ಮ್ಯಾಕ್‌ಒಎಸ್ 10.13.4 ಆವೃತ್ತಿಯಲ್ಲಿ ಅದು ಪೂರ್ಣವಾಗಿ ಜಾರಿಗೆ ಬಂತು. ಅದೇ ವರ್ಷ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಆಪಲ್ ಸಹಯೋಗದಲ್ಲಿ ರೇಡಿಯಾನ್ ಪ್ರೊ 580 ಚಿಪ್ ಇರುವ ಪೆಟ್ಟಿಗೆಯನ್ನು 699 ಡಾಲರ್‌ಗೆ ಮಾರಾಟಕ್ಕಿಟ್ಟಿತು. ನೋಡಲು ಅಂದವಾಗಿದ್ದ, ಸದ್ದು ಕಡಿಮೆಯಿದ್ದ ಆ ಪೆಟ್ಟಿಗೆಯಲ್ಲಿ ಚಿಪ್ ಬದಲಿಸುವಂತಿರಲಿಲ್ಲ.

2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್‌ನ ಮ್ಯಾಕ್‌ಗಳನ್ನು ಬಿಡುಗಡೆ ಮಾಡಿತು. ಅವುಗಳಲ್ಲಿ ಥಂಡರ್‌ಬೋಲ್ಟ್ ಕಿಂಡಿ ಇತ್ತು, ಆದರೆ ಇ-ಜಿಪಿಯು ಬೆಂಬಲ ಇರಲಿಲ್ಲ. ಆಪಲ್‌ನ ಅಧಿಕೃತ ಬೆಂಬಲ ಇಂಟೆಲ್ ಪ್ರೊಸೆಸರ್‌ನ ಮ್ಯಾಕ್‌ಗಳಿಗಷ್ಟೇ ಸೀಮಿತವಾಯಿತು. 2025ರ ‘ಟಾಹೋ’ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಸಿಗುವ ಕೊನೆಯ ಮ್ಯಾಕ್‌ಒಎಸ್ ಎಂದೂ ಕಂಪನಿ ಪ್ರಕಟಿಸಿತು. ಪೂರ್ಣ ಬೆಂಬಲ ಬಂದ ಮೂರೇ ವರ್ಷಗಳೊಳಗೆ ಹೊಸ ಮ್ಯಾಕ್‌ಗಳಿಗೆ ಆ ಬಾಗಿಲು ಮುಚ್ಚಿತ್ತು. ಕಿಂಡಿಯ ಆಕಾರ ಒಂದೇ ಇದ್ದರೂ ಕಾರ್ಯಾಚರಣೆ ವ್ಯವಸ್ಥೆ ಮತ್ತು ಚಾಲಕ ತಂತ್ರಾಂಶದ ಒಪ್ಪಿಗೆ ಇಲ್ಲದೆ ಕಾರ್ಡ್ ಕೆಲಸ ಮಾಡುವುದಿಲ್ಲ ಎಂಬುದು ಇದರಿಂದ ಮನದಟ್ಟಾಯಿತು. ಆದರೆ ಕಾರ್ಡ್ ಬದಲಿಸಬಹುದಾದ ಸಾಮಾನ್ಯ ಥಂಡರ್‌ಬೋಲ್ಟ್ 3 ಪೆಟ್ಟಿಗೆ ಕೊಂಡಿದ್ದವರು ಅದನ್ನು ವಿಂಡೋಸ್ ಲ್ಯಾಪ್‌ಟಾಪ್‌ಗೆ ಜೋಡಿಸಿ ಬಳಸುವ ಅವಕಾಶವನ್ನು ಉಳಿಸಿಕೊಂಡರು.

ಇಂದಿನ ದಾರಿಗಳು

ಈಗ ಹೊಸ ಲ್ಯಾಪ್‌ಟಾಪ್ ಕೊಳ್ಳುವವರ ಮುಂದೆ ಮುಖ್ಯವಾಗಿ ನಾಲ್ಕು ಹೆಸರುಗಳು ಬರುತ್ತವೆ.

ಥಂಡರ್‌ಬೋಲ್ಟ್ 4: 2020ರಲ್ಲಿ ಬಂತು. ಒಟ್ಟು ವೇಗ 40 ಗಿಗಾಬಿಟ್, ಮೊದಲಿನಷ್ಟೇ. ವ್ಯತ್ಯಾಸವಿರುವುದು ಖಾತರಿಯಲ್ಲಿ. ಮೂರನೆಯ ಆವೃತ್ತಿಯಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ಗೆ ಕನಿಷ್ಠ 16 ಗಿಗಾಬಿಟ್ ಕೊಟ್ಟರೂ ಸಾಕಿತ್ತು, ಹಲವು ತೆಳ್ಳನೆಯ ಲ್ಯಾಪ್‌ಟಾಪ್‌ಗಳು ಅಷ್ಟನ್ನೇ ಕೊಟ್ಟವು. ನಾಲ್ಕನೆಯದರಲ್ಲಿ 32 ಗಿಗಾಬಿಟ್ ಕಡ್ಡಾಯ.

ಯುಎಸ್‌ಬಿ4: ಇಂಟೆಲ್ ಬಿಟ್ಟುಕೊಟ್ಟ ಥಂಡರ್‌ಬೋಲ್ಟ್ 3ರ ತಂತ್ರವನ್ನೇ ಆಧರಿಸಿ 2019ರಲ್ಲಿ ರೂಪುಗೊಂಡ ಮಾನದಂಡ. ಎಎಂಡಿ ಪ್ರೊಸೆಸರ್‌ನ ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದಿದೆ. ಆದರೆ ಗ್ರಾಫಿಕ್ಸ್ ಕಾರ್ಡಿಗೆ ಅತ್ಯಗತ್ಯವಾದ ಪಿಸಿಐ ಎಕ್ಸ್‌ಪ್ರೆಸ್ ಸಂಚಾರವು ಮಾನದಂಡದ ಪ್ರಕಾರ ಲ್ಯಾಪ್‌ಟಾಪ್ ತಯಾರಕರ ಇಚ್ಛೆಗೆ ಬಿಟ್ಟದ್ದು. ಹೆಸರು ನೋಡಿ ನಂಬುವಂತಿಲ್ಲ, ಆಯಾ ಮಾದರಿಯ ವಿವರಪಟ್ಟಿ ಓದಬೇಕು.

ಥಂಡರ್‌ಬೋಲ್ಟ್ 5: 2023ರಲ್ಲಿ ಘೋಷಣೆಯಾಯಿತು. ಎರಡೂ ದಿಕ್ಕಿಗೆ 80 ಗಿಗಾಬಿಟ್, ಅದರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಪಾಲು 64 ಗಿಗಾಬಿಟ್. ಇದು ಹಿಂದಿನದರ ಎರಡು ಪಟ್ಟು. 2021ರಲ್ಲಿ ತನ್ನದೇ ಕಿಂಡಿಯೊಡನೆ ‘ಎಕ್ಸ್‌ಜಿ ಮೊಬೈಲ್’ ತಂದಿದ್ದ ಏಸಸ್ ಸಹ 2025ರ ಮಾದರಿಯಲ್ಲಿ ಇದನ್ನೇ ಅಳವಡಿಸಿಕೊಂಡದ್ದು ಗಮನಾರ್ಹ.

ಆಕ್ಯುಲಿಂಕ್: ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕು ಪಥಗಳನ್ನು ನೇರವಾಗಿ ಕೇಬಲ್‌ಗೆ ತರುವ ಜೋಡಣೆ. ನಡುವೆ ಪರಿವರ್ತನೆ ಇಲ್ಲದ ಕಾರಣ ನಷ್ಟ ಕಡಿಮೆ. 2023ರಲ್ಲಿ ಬಂದ ‘ಜಿಪಿಡಿ ಜಿ1’ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಇದರ ಜತೆಗೆ ಯುಎಸ್‌ಬಿ4 ಕಿಂಡಿಯೂ ಇತ್ತು. ಆದರೆ ಆಕ್ಯುಲಿಂಕ್ ಕಿಂಡಿ ಇರುವ ಲ್ಯಾಪ್‌ಟಾಪ್‌ಗಳು ವಿರಳ. ಅದು ಲ್ಯಾಪ್‌ಟಾಪ್‌ಗೆ ಚಾರ್ಜ್ ಒದಗಿಸುವುದಿಲ್ಲ, ಯಂತ್ರ ಚಾಲನೆಯಲ್ಲಿರುವಾಗ ಕೇಬಲ್ ಜೋಡಿಸುವುದು, ಕೀಳುವುದು ಸಲ್ಲದು.

ಇವೆಲ್ಲ ಇಲ್ಲದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಂ.2 ಕಿಂಡಿಯಿಂದ ತಂತಿ ಎಳೆದು ಕಾರ್ಡ್ ಜೋಡಿಸುವ ಉತ್ಸಾಹಿಗಳೂ ಇದ್ದಾರೆ. ಅಗ್ಗದ ದಾರಿ ಇದು. ಆದರೆ ಹಿಂಬದಿ ಮುಚ್ಚಳ ತೆರೆದಿಟ್ಟುಕೊಳ್ಳಬೇಕು, ಸಂಗ್ರಹಕ್ಕೆಂದು ಇದ್ದ ಒಂದು ಕಿಂಡಿ ಬಿಟ್ಟುಕೊಡಬೇಕು, ಖಾತರಿ ಅವಧಿಯ ಸೌಲಭ್ಯ ಕಳೆದುಕೊಳ್ಳುವ ಅಪಾಯವನ್ನೂ ಹೊರಬೇಕು.

ಸುರಕ್ಷತೆಯ ಸೂಕ್ಷ್ಮವೂ ಇಲ್ಲಿದೆ. ಪಿಸಿಐ ಎಕ್ಸ್‌ಪ್ರೆಸ್ ದಾರಿಯನ್ನು ಹೊರಗೆ ತೆರೆಯುವುದೆಂದರೆ ಯಂತ್ರದ ಮೆಮೊರಿಗೆ ನೇರ ಬಾಗಿಲು ತೆರೆದಂತೆ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಿಂದ 2020ರ ಮೇ ತಿಂಗಳಲ್ಲಿ ಹೊರಬಂದ ‘ಥಂಡರ್‌ಸ್ಪೈ’ ಸಂಶೋಧನೆ, ಲ್ಯಾಪ್‌ಟಾಪ್ ಕೈಗೆ ಸಿಕ್ಕವರು ಈ ದಾರಿಯನ್ನು ದುರುಪಯೋಗಪಡಿಸಿಕೊಳ್ಳಬಹುದೆಂದು ತೋರಿಸಿತ್ತು. ಇಂಥ ದಾಳಿಗಳಿಂದ ಮೆಮೊರಿಯನ್ನು ಕಾಯುವ ವ್ಯವಸ್ಥೆ ಥಂಡರ್‌ಬೋಲ್ಟ್ 4ರಲ್ಲಿ ಕಡ್ಡಾಯವಾಗಿದೆ.

ಕೊಳ್ಳುವ ಮುನ್ನ

ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಗೆ ಹೋಗುವ ಮೊದಲು, ಅಥವಾ ಅಂತರ್ಜಾಲದಲ್ಲಿ ಹಣ ಪಾವತಿಸುವ ಮೊದಲು, ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಕಿಂಡಿಯ ಪಕ್ಕದಲ್ಲಿ ಮಿಂಚಿನ ಗುರುತು ಇದೆಯೇ ನೋಡಬೇಕು. ಯುಎಸ್‌ಬಿ-ಸಿ ಎಂಬುದು ಕಿಂಡಿಯ ಆಕಾರದ ಹೆಸರು ಮಾತ್ರ. ಬರೀ ಚಾರ್ಜಿಂಗ್ ಮತ್ತು ಸಾಮಾನ್ಯ ಕಡತ ವರ್ಗಾವಣೆಗಷ್ಟೇ ಇರುವ ಕಿಂಡಿಯೂ ನೋಡಲು ಹಾಗೆಯೇ ಇರುತ್ತದೆ. ಅದಕ್ಕೆ ಇ-ಜಿಪಿಯು ಜೋಡಿಸಿದರೆ ಏನೂ ಆಗುವುದಿಲ್ಲ. ಕೇಬಲ್‌ಗೂ ಇದೇ ನಿಯಮ. ಫೋನಿನ ಚಾರ್ಜಿಂಗ್ ಕೇಬಲ್ ಇಲ್ಲಿ ನಡೆಯದು. ಸಾಮಾನ್ಯ ಥಂಡರ್‌ಬೋಲ್ಟ್ 4 ಕೇಬಲ್ ಪೂರ್ಣ ವೇಗದಲ್ಲಿ ಕೆಲಸ ಮಾಡುವುದು 0.8 ಮೀಟರ್ ಉದ್ದದವರೆಗೆ. ಅದಕ್ಕಿಂತ ಉದ್ದ ಬೇಕಿದ್ದರೆ ಒಳಗೆ ಚಿಪ್ ಇರುವ ದುಬಾರಿ ಕೇಬಲ್ ಬೇಕು.

ವಿದ್ಯುತ್ ಕಡಿತವಿರುವ ಊರುಗಳ ಬಳಕೆದಾರರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ, ಆದರೆ ಪೆಟ್ಟಿಗೆ ಆ ಕ್ಷಣವೇ ಆರಿಹೋಗುತ್ತದೆ. ಕೆಲಸದ ನಡುವೆ ಕಾರ್ಡನ್ನು ಕಿತ್ತಂತಾಗಿ ತಂತ್ರಾಂಶ ಸ್ಥಗಿತಗೊಳ್ಳಬಹುದು, ಉಳಿಸದ ಕೆಲಸ ಕಳೆದುಹೋಗಬಹುದು. ಆದ್ದರಿಂದ ಪೆಟ್ಟಿಗೆಗೆ ಯುಪಿಎಸ್ ಅಗತ್ಯ. 170 ವಾಟ್‌ನ ಕಾರ್ಡ್, 65 ವಾಟ್‌ನ ಲ್ಯಾಪ್‌ಟಾಪ್ ಚಾರ್ಜಿಂಗ್, ಜತೆಗೆ ಮಾನಿಟರ್ ಸೇರಿದರೆ ಒಟ್ಟು ಬೇಡಿಕೆ 250 ವಾಟ್ ದಾಟುತ್ತದೆ. ಯುಪಿಎಸ್ ಮೇಲೆ ಬರೆದಿರುವ ‘ವಿಎ’ ಸಂಖ್ಯೆಗಿಂತ ವಾಟ್ ಸಂಖ್ಯೆ ಕಡಿಮೆ ಇರುತ್ತದೆ, ನೋಡಬೇಕಾದ್ದು ವಾಟ್.

ಕೊನೆಯದು ಹಣದ ಲೆಕ್ಕ. 2025ರಲ್ಲಿ ಬಂದ ರೇಜರ್‌ನ ಥಂಡರ್‌ಬೋಲ್ಟ್ 5 ಪೆಟ್ಟಿಗೆ ‘ಕೋರ್ ಎಕ್ಸ್ ವಿ2’ಗೆ ಅಮೆರಿಕದಲ್ಲಿ ನಿಗದಿಯಾದ ಬೆಲೆ 349 ಡಾಲರ್. ಅದರಲ್ಲಿ ಕಾರ್ಡೂ ಇಲ್ಲ, ವಿದ್ಯುತ್ ಘಟಕವೂ ಇಲ್ಲ! ಅದೇ ವರ್ಷ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 5060 ಕಾರ್ಡಿನ ಪ್ರಕಟಿತ ಬೆಲೆ 299 ಡಾಲರ್. ಅಂದರೆ ಖಾಲಿ ಡಬ್ಬಿಯೇ ಕಾರ್ಡಿಗಿಂತ ದುಬಾರಿ. ಆಮದು ಮಾಡಿಕೊಂಡರೆ ಸುಂಕ, ಸಾಗಣೆ ವೆಚ್ಚ ಸೇರುತ್ತದೆ. ದುರಸ್ತಿಗೆ ವಿದೇಶಕ್ಕೇ ಕಳುಹಿಸಬೇಕಾದ ಪರಿಸ್ಥಿತಿಯೂ ಬರಬಹುದು.

ಹಾಗಾಗಿ ಮನೆಯಲ್ಲೇ ಕುಳಿತು ಆಟವಾಡುವುದಷ್ಟೇ ಉದ್ದೇಶವಾಗಿದ್ದರೆ ಪೆಟ್ಟಿಗೆ, ವಿದ್ಯುತ್ ಘಟಕ, ಮಾನಿಟರ್‌ಗಳಿಗೆ ತೆರುವ ಹಣದಲ್ಲಿ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವುದೇ ಲಾಭಕರ. ಅಲ್ಲಿ ಕಾರ್ಡಿಗೆ ಪೂರ್ಣ ಹೆದ್ದಾರಿ ಸಿಗುತ್ತದೆ. ಹಗಲು ಕಚೇರಿಗೋ ಕಾಲೇಜಿಗೋ ಒಯ್ಯುವ ಒಳ್ಳೆಯ ಲ್ಯಾಪ್‌ಟಾಪ್ ಈಗಾಗಲೇ ಇದ್ದು, ಅದರಲ್ಲಿ ಸೂಕ್ತ ಕಿಂಡಿಯೂ ಇದ್ದು, ಸಂಜೆ ಮೂರು ಆಯಾಮದ ಚಿತ್ರರಚನೆ, ಕೃತಕ ಬುದ್ಧಿಮತ್ತೆಯಂಥ ಕೆಲಸ ಮಾಡುವವರಿಗೆ ಇ-ಜಿಪಿಯು ಅರ್ಥಪೂರ್ಣ. ಒಂದೇ ಯಂತ್ರ, ಒಂದೇ ಕಡತಸಂಗ್ರಹ, ಒಂದೇ ತಂತ್ರಾಂಶ ಸಮೂಹ ಸಾಕಾಗುತ್ತದೆ. ಲ್ಯಾಪ್‌ಟಾಪ್‌ನ ಆಯುಷ್ಯ ಹೆಚ್ಚುತ್ತದೆ, ಸುಸ್ಥಿತಿಯ ಯಂತ್ರವೊಂದು ಇ-ತ್ಯಾಜ್ಯದ ರಾಶಿ ಸೇರುವುದು ತಪ್ಪುತ್ತದೆ.

ಅಂಥವರು ಸಹ ಒಂದು ಸೂತ್ರ ಮರೆಯದಿರುವುದು ಒಳಿತು. ಯಾವುದೋ ಒಂದು ಕಂಪನಿಯ ಲ್ಯಾಪ್‌ಟಾಪ್‌ಗೆ ಮಾತ್ರ ಒಗ್ಗುವ ಪೆಟ್ಟಿಗೆ ಎಷ್ಟೇ ವೇಗದ್ದಾದರೂ ಅದರ ಆಯುಷ್ಯ ಆ ಕಂಪನಿಯ ಮನಸ್ಸಿನಷ್ಟೇ. ಸಾಮಾನ್ಯ ಮಾನದಂಡದ ಕಿಂಡಿ ಇರುವ, ಕಾರ್ಡ್ ಬದಲಿಸಬಹುದಾದ ಪೆಟ್ಟಿಗೆ ತುಸು ನಿಧಾನವಾದರೂ ಮುಂದಿನ ಲ್ಯಾಪ್‌ಟಾಪ್‌ಗೂ ಮುಂದಿನ ಕಾರ್ಡಿಗೂ ಉಪಯೋಗಕ್ಕೆ ಬರುತ್ತದೆ.